‘ಸುಮ್ನೆ ವಿಚಾರಣೆ’ ಎಂದರೆ ಎಷ್ಟು ಹೊತ್ತು?

ವಿಜಯನಗರದ ಓದುಗರೊಬ್ಬರು ಬರೆಯುತ್ತಾರೆ: ‘ಎರಡನೇ ಪಾಳಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬೈಕಿನಲ್ಲಿ ಬರುತ್ತಿದ್ದ ಮಗನನ್ನು ನಾಕಾಬಂದಿಯಲ್ಲಿ ತಡೆದರು. ಬ್ಯಾಗ್ ಜಾಲಾಡಿ, ಮೊಬೈಲ್ ಲಾಕ್ ತೆಗೆಸಿ ವಾಟ್ಸ್‌ಆ್ಯಪ್ ನೋಡಿದರು. ಸುಮ್ನೆ ವಿಚಾರಣೆ ಅಂತ ಠಾಣೆಗೆ ಕರೆದೊಯ್ದವರು ಬಿಟ್ಟಿದ್ದು ಬೆಳಗಿನ ಜಾವ ನಾಲ್ಕಕ್ಕೆ. ಒಂದು ಚೀಟಿಯೂ ಕೊಡಲಿಲ್ಲ. ಇದಕ್ಕೆಲ್ಲ ಅವರಿಗೆ ಅಧಿಕಾರ ಇದೆಯೇ?’

ಮಾನ್ಯರೇ,

ತಡೆಯುವುದಕ್ಕೆ ಇದೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಡಿಎಲ್ ತೋರಿಸಲೇಬೇಕು, ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಅಲ್ಲಿ ವಾದಕ್ಕಿಳಿಯುವುದು ಬೇಡ.

ಬ್ಯಾಗಿನ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ದಾರಿಹೋಕರನ್ನೆಲ್ಲ ತಡವಿ ನೋಡುವ ಸಾರಾಸಗಟು ಅಧಿಕಾರವಿಲ್ಲ. ಕಳವು ಮಾಲಿನ ಅನುಮಾನವೋ ಗಾಂಜಾದ ಸುಳಿವೋ, ಏನಾದರೊಂದು ಕಾರಣ ಬೇಕು. ಮಾದಕ ವಸ್ತು ಕಾಯ್ದೆಯಡಿ ಮೈ ತಪಾಸಣೆ ಮಾಡುವ ಮೊದಲು, ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕಿದೆ ಎಂದು ಪೊಲೀಸರೇ ಹೇಳಬೇಕು. ಅದು 50ನೇ ಕಲಂ. ಈ ರಕ್ಷಣೆ ಮೈಗೆ ಮಾತ್ರ, ಹೆಗಲ ಬ್ಯಾಗಿಗಲ್ಲ. ಇದೊಂದೇ ವಾದ ನೆಚ್ಚಿಕೊಂಡು ಕೋರ್ಟಿನಲ್ಲಿ ಸೋತವರಿದ್ದಾರೆ.

ಮೊಬೈಲ್ ಬಗ್ಗೆ 2021ರಲ್ಲೇ ಕರ್ನಾಟಕ ಹೈಕೋರ್ಟ್ ಹೇಳಿದೆ: ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧನಾ ವಾರಂಟ್ ತರಬೇಕು. ತೊಡಕು ಏನೆಂದರೆ, ನಿಮ್ಮ ಮಗ ತಾನೇ ಬೆರಳೊತ್ತಿ ಲಾಕ್ ತೆಗೆದುಕೊಟ್ಟರೆ ‘ಒಪ್ಪಿ ತೋರಿಸಿದ’ ಎಂದೇ ಆಗುತ್ತದೆ. ‘ಬರವಣಿಗೆಯಲ್ಲಿ ಕೇಳಿ ಸಾರ್, ಕೊಡ್ತೀನಿ’ ಎಂದು ಮೆಲ್ಲಗೆ ಹೇಳಬಹುದಿತ್ತು. ನಡುರಾತ್ರಿ ನಾಲ್ಕು ಜನ ಸುತ್ತುವರಿದಾಗ ಹೇಳುವುದು ಕಷ್ಟ, ಗೊತ್ತು.

ಇನ್ನು ಠಾಣೆ. ಪೊಲೀಸರ ಮಾತಿನಲ್ಲಿ ‘ಅರೆಸ್ಟ್’ಗೂ ‘ಕರ್ಕೊಂಡ್ ಬಂದಿದೀವಿ’ಗೂ ನಡುವೆ ಅಗಲವಾದ ಜಗಲಿಯೊಂದಿದೆ. ಕಾನೂನಿನಲ್ಲಿ ಆ ಜಗಲಿ ಬಲು ಕಿರಿದು. ಸಾಕ್ಷಿಯಾಗಿ ಕರೆಯುವುದಾದರೆ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂನಡಿ, ಆರೋಪಿಯಾದರೆ 35(3)ರಡಿ ನೋಟಿಸ್ ಬೇಕು. ಕಾನೂನುಬದ್ಧ ಸೂಚನೆಯನ್ನು ಧಿಕ್ಕರಿಸಿದವರನ್ನು 172ನೇ ಕಲಂನಡಿ ತಡೆದಿಡಬಹುದು. ಸಣ್ಣಪುಟ್ಟ ಪ್ರಕರಣವಾದರೆ 24 ಗಂಟೆಯೊಳಗೆ, ಆದಷ್ಟು ಬೇಗ ಬಿಡಬೇಕು. ನಿಮ್ಮ ಮಗ ಏನನ್ನೂ ಧಿಕ್ಕರಿಸಿದಂತಿಲ್ಲ.

ಬಂಧಿಸಿದ್ದೇ ಆದರೆ ಅರೆಸ್ಟ್ ಮೆಮೊ ಆಗಬೇಕು: ಮನೆಯವರದೋ ಆ ಪ್ರದೇಶದ ಗೌರವಸ್ಥರದೋ ಸಾಕ್ಷಿ ಸಹಿ, ಬಂಧಿತನ ಸಹಿ. ಮನೆಗೂ ತಿಳಿಸಬೇಕು. ಬಂಧನದ ಕಾರಣವನ್ನು ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೆಮೊದಲ್ಲಿ ಮೊದಲು ನೋಡಬೇಕಾದದ್ದು ‘ಸಮಯ’ದ ಜಾಗ. ಮಧ್ಯರಾತ್ರಿ ತಂದವನ ಮೆಮೊದಲ್ಲಿ ಮರುದಿನ ಬೆಳಗಿನ ಹತ್ತು ಗಂಟೆ ಇದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ 24 ಗಂಟೆಯ ಗಡುವು ಅಷ್ಟು ಹಿಗ್ಗಿದಂತೆ. ಹಾಗೆ ಕಂಡರೆ ಸಹಿಯ ಪಕ್ಕದಲ್ಲೇ ನಿಜವಾದ ಸಮಯ ಬರೆಯಿರಿ. ಬರೆಯಲು ಬಿಡದಿದ್ದರೆ ಮ್ಯಾಜಿಸ್ಟ್ರೇಟರಿಗೇ ಹೇಳಿ.

ಈಗ ಮಾಡಬೇಕಾದ್ದು: ಆ ವಿಭಾಗದ ಡಿಸಿಪಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ರಾತ್ರಿಯ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಯ್ದಿಡಬೇಕೆಂದು ಅದರಲ್ಲೇ ಕೇಳಿ, ಒಳಹೋದ ಮತ್ತು ಹೊರಬಂದ ವೇಳೆ ನಮೂದಿಸಿ. ಠಾಣೆಯ ದೃಶ್ಯಗಳನ್ನು 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ ಇಡಬೇಕೆಂಬುದು ಸುಪ್ರೀಂ ಕೋರ್ಟಿನ 2020ರ ಆದೇಶ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು, ಘಟನೆ ನಡೆದ ಒಂದು ವರ್ಷದೊಳಗೆ. ಮಗ ಆ ರಾತ್ರಿ ನಿಮಗೆ ಕಳಿಸಿದ ಮೆಸೇಜು, ಮಾಡಿದ ಕರೆಗಳಲ್ಲಿ ವೇಳೆ ದಾಖಲಾಗಿರುತ್ತದೆ, ಅವನ್ನು ಅಳಿಸಬೇಡಿ.

— ಸಂ.