ಕೋವಿಡ್ ವಾಸಿಯಾದ ಮೇಲೆ ಆಂಟಿಬಾಡಿ ಇಳಿಯುತ್ತಿದೆ, ರಕ್ಷಣೆ ಹೋಯಿತೇ?

ವಾಸಿಯಾದ ತಿಂಗಳಿಗೆ ಮಾಡಿಸಿದ ಟೆಸ್ಟಿನಲ್ಲಿ ಆಂಟಿಬಾಡಿ ಚೆನ್ನಾಗಿತ್ತು, ಆರು ತಿಂಗಳಿಗೆ ಅರ್ಧಕ್ಕಿಂತ ಕೆಳಗೆ ಬಂದಿದೆ, ಇನ್ನು ರಕ್ಷಣೆ ಇಲ್ಲವೇ ಎಂದು ಕೇಳಿದ್ದೀರಿ. ಲ್ಯಾಬ್ ಕೆಲಸದವನಾಗಿ ಹೇಳುತ್ತೇನೆ: ಆ ಅಂಕಿ ಇಳಿಯದೇ ಇದ್ದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಸೋಂಕು ತಗುಲಿದಾಗ ಮೊದಲು ಐಜಿಎಂ ಎಂಬ ಬಗೆಯ ಆಂಟಿಬಾಡಿ, ಅದರ ಬೆನ್ನಿಗೇ ಐಜಿಜಿ ಎಂಬ ಇನ್ನೊಂದು ಬಗೆ ಏರುತ್ತದೆ. ಇವನ್ನು ತಯಾರಿಸುವ ಪ್ಲಾಸ್ಮಾ ಕೋಶಗಳಲ್ಲಿ ಹೆಚ್ಚಿನವು ಅಲ್ಪಾಯುಷಿಗಳು. ವೈರಸ್ ಹೋಯಿತೆಂದರೆ ಅವೂ ಸಾಯುತ್ತವೆ. ರಕ್ತದಲ್ಲಿ ಉಳಿದ ಐಜಿಜಿ ಸುಮಾರು 3 ವಾರಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಇಳಿತ ಜೋರು. ಆಮೇಲೆ ಅದು ನಿಧಾನವಾಗುತ್ತದೆ, ಏಕೆಂದರೆ ಕೆಲವು ಪ್ಲಾಸ್ಮಾ ಕೋಶಗಳು ಮೂಳೆ ಮಜ್ಜೆಯಲ್ಲಿ ನೆಲೆಸಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಆಂಟಿಬಾಡಿ ಬಿಡುತ್ತಿರುತ್ತವೆ.

ರಿಪೋರ್ಟಿನಲ್ಲಿ ಕಾಣದ ಸಂಗತಿಯೊಂದಿದೆ. ಸೋಂಕು ಹೋದ ಮೇಲೂ ದುಗ್ಧಗ್ರಂಥಿಗಳಲ್ಲಿ ಬಿ ಕೋಶಗಳು (ಪ್ಲಾಸ್ಮಾ ಕೋಶಗಳ ಮೂಲ ಇವೇ) ತಿಂಗಳುಗಟ್ಟಲೆ ತಿದ್ದುಪಡಿಯಾಗುತ್ತಲೇ ಇರುತ್ತವೆ. ಆರನೇ ತಿಂಗಳಿನ ಆಂಟಿಬಾಡಿ ಪ್ರಮಾಣದಲ್ಲಿ ಕಡಿಮೆ ಇದ್ದರೂ ವೈರಸ್ಸನ್ನು ಇನ್ನೂ ಬಿಗಿಯಾಗಿ ಹಿಡಿಯಬಲ್ಲದು. ಜೊತೆಗೆ ವೈರಸ್ಸಿನ ನೆನಪು ಇಟ್ಟುಕೊಳ್ಳುವ ಮೆಮೊರಿ ಬಿ ಕೋಶ, ಸೋಂಕಿತ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳಿವೆ. ಸಾಮಾನ್ಯ ಆಂಟಿಬಾಡಿ ಟೆಸ್ಟ್ ಇವುಗಳನ್ನು ಎಣಿಸುವುದೇ ಇಲ್ಲ.

ಹಾಗಂತ ಇಳಿತಕ್ಕೆ ಅರ್ಥವೇ ಇಲ್ಲವೆಂದಲ್ಲ. ಮೆಮೊರಿ ಕೋಶಗಳು ಎಚ್ಚೆತ್ತು ಹೊಸ ಆಂಟಿಬಾಡಿ ಸುರಿಸಲು ಕೆಲವು ದಿನ ಬೇಕು. ಅಷ್ಟರಲ್ಲಿ ವೈರಸ್ ಮೂಗು, ಗಂಟಲಲ್ಲಿ ಬೆಳೆದುಬಿಡಬಹುದು. ಆದ್ದರಿಂದ ಕೋವಿಡ್ ಮತ್ತೆ ಬರುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಅದು ಶ್ವಾಸಕೋಶಕ್ಕಿಳಿದು ಆಸ್ಪತ್ರೆ ಸೇರಿಸುವುದರ ವಿರುದ್ಧದ ರಕ್ಷಣೆ ಹೆಚ್ಚು ಕಾಲ ಉಳಿಯುತ್ತದೆ. ವೈರಸ್ ಸಹ ರೂಪ ಬದಲಿಸುತ್ತಿರುತ್ತದಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಲ್ಲ ವೈರಸ್‌ಗಳ ಲೆಕ್ಕ ಒಂದೇ ಅಲ್ಲ. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಿಗೆ ದಡಾರ ನುಗ್ಗಿದಾಗ ಅದನ್ನು ಅಧ್ಯಯನ ಮಾಡಿದ ಪೀಟರ್ ಪಾನುಮ್ ಎಂಬ ಡೆನ್ಮಾರ್ಕಿನ ವೈದ್ಯ, 1781ರಲ್ಲಿ ದಡಾರ ಬಂದು ಹೋಗಿದ್ದ ಮುದುಕರಿಗೆ ಅದು ಮತ್ತೆ ತಗುಲಲಿಲ್ಲವೆಂದು ದಾಖಲಿಸಿದ. 65 ವರ್ಷದ ರಕ್ಷಣೆ! ನೆಗಡಿ ತರುವ ಕೊರೊನಾ ವೈರಸ್‌ಗಳಾದರೋ ಒಂದೆರಡು ವರ್ಷದಲ್ಲೇ ಮತ್ತೆ ಬರುತ್ತವೆ. ಡೆಂಗಿಯದು ಇನ್ನೂ ವಿಚಿತ್ರ: ಒಂದು ಬಗೆಯ ಡೆಂಗಿಗೆ ಹುಟ್ಟಿದ ಆಂಟಿಬಾಡಿ ಅರ್ಧಂಬರ್ಧ ಇಳಿದಿರುವಾಗ ಇನ್ನೊಂದು ಬಗೆ ತಗುಲಿದರೆ, ಅದೇ ಆಂಟಿಬಾಡಿ ಕಾಯಿಲೆಯನ್ನು ಉಲ್ಬಣಿಸಬಹುದು.

ಇನ್ನು ನಿಮ್ಮ ಎರಡು ರಿಪೋರ್ಟುಗಳು. ಎರಡೂ ಒಂದೇ ಕಿಟ್‌ನವೇ ಎಂದು ಮೊದಲು ನೋಡಿ. ಕೆಲವು ಕಿಟ್‌ಗಳು ವೈರಸ್ಸಿನ ಹೊರಮೈಯ ಸ್ಪೈಕ್ ಪ್ರೋಟೀನಿನ ವಿರುದ್ಧದ ಆಂಟಿಬಾಡಿ ಅಳೆಯುತ್ತವೆ, ಕೆಲವು ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಎಂಬ ಪ್ರೋಟೀನಿನದು. ಬೇರೆ ಬೇರೆ ಕಿಟ್ಟಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆಯೇ ಆಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಪಡೆದವರಿಗೆ ರಕ್ಷಣೆ ಇದೆಯೆನ್ನಲು ಆಂಟಿಬಾಡಿ 10 mIU/mL ಇರಬೇಕೆಂಬ ಗಡಿ ಇದೆ, ಕೋವಿಡ್‌ಗೆ ಅಂಥ ಒಪ್ಪಿತ ಗಡಿ ಇಲ್ಲ. ಅಂಗಾಂಗ ಕಸಿಯಾದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರು ಹೇಳಿದರೆ ಟೆಸ್ಟ್ ಮಾಡಿಸಲಿ. ನೀವು ಆ ಗುಂಪಿನವರಲ್ಲದಿದ್ದರೆ ಮೂರನೇ ಟೆಸ್ಟಿಗೆ ದುಡ್ಡು ಸುರಿಯಬೇಡಿ.