ಮೇಷ್ಟ್ರ ಟೂಲ್ ಪೆಟ್ಟಿಗೆ: ಬ್ಯಾಗಿನಲ್ಲಿ ಯಾವ ಮಲ್ಟಿಟೂಲ್ ಇರಲಿ?

ಪ್ರಶ್ನೆ: ಮೇಷ್ಟ್ರೇ, ನಾನು ಪ್ರಾಥಮಿಕ ಶಾಲೆ ಟೀಚರ್. ದಿನಾ 14 ಕಿಲೋಮೀಟರ್ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಬ್ಯಾಗಿನಲ್ಲಿ ಒಂದು ಮಲ್ಟಿಟೂಲ್, ಅದೇ ಚಾಕು, ಕತ್ತರಿ, ಇಕ್ಕಳ ಅಂತ ಹಲವು ಉಪಕರಣ ಒಂದರಲ್ಲೇ ಮಡಚಿಕೊಳ್ಳುವಂಥದ್ದು, ಇಟ್ಟುಕೊಳ್ಳಬೇಕು ಅಂತ ಬಹಳ ದಿನದಿಂದ ಆಸೆ. ಆನ್‌ಲೈನಿನಲ್ಲಿ ನೋಡಿದರೆ 200 ರೂಪಾಯಿಯಿಂದ 10 ಸಾವಿರದ ತನಕ ಇವೆ. ಒಂದರಲ್ಲಿ 7 ಉಪಕರಣ, ಇನ್ನೊಂದರಲ್ಲಿ 18. ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?
– ಓದುಗರು, ತಿಪಟೂರು

ಉತ್ತರ: ಟೀಚರಮ್ಮ, ಇನ್ನು 15 ದಿನ ಏನೂ ಕೊಳ್ಳಬೇಡಿ. ಡೈರಿಯ ಕೊನೇ ಪುಟ ಇದಕ್ಕೇ ಇರಲಿ. "ಈಗ ಒಂದು ಕತ್ತರಿ ಇದ್ದಿದ್ದರೆ", "ಒಂದು ಇಕ್ಕಳ ಇದ್ದಿದ್ದರೆ" ಅನ್ನಿಸಿದಾಗಲೆಲ್ಲ ಅಲ್ಲಿ ಬರೆದಿಡಿ. ಆ ಪುಟ ಹೇಳಿದ್ದನ್ನು ಕೊಳ್ಳಿ.

ಲೆದರ್‌ಮನ್ ಕಂಪನಿಯ ಮಲ್ಟಿಟೂಲ್ ಹುಟ್ಟಿದ್ದೂ ಹೀಗೇ. 1975ರಲ್ಲಿ ಟಿಮ್ ಲೆದರ್‌ಮನ್ ಅನ್ನುವ ಅಮೆರಿಕದವರು ಹೆಂಡತಿ ಜೊತೆ ಹಳೇ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಆಗಾಗ ಕೈಕೊಡುತ್ತಿತ್ತು. ಉಳಿದುಕೊಂಡ ಹೋಟೆಲುಗಳ ನಲ್ಲಿಗಳೂ ಸರಿಯಿರಲಿಲ್ಲ. ಜೇಬಿನಲ್ಲಿ ಚಾಕು ಇತ್ತು, ಆದರೆ ಪ್ರತಿ ಸಲವೂ ಬೇಕಾಗಿದ್ದು ಇಕ್ಕಳ. ಊರಿಗೆ ಬಂದು ಇಕ್ಕಳವೇ ಮುಖ್ಯವಾದ ಟೂಲ್ ಮಾಡಲು ಕೂತರು. ಅದು ಮಾರುಕಟ್ಟೆಗೆ ಬಂದಿದ್ದು 1983ರಲ್ಲಿ. ಅವರಿಗೆ ಇಕ್ಕಳ ಬೇಕಿತ್ತು ಅಂತ ನಿಮಗೂ ಅದೇ ಬೇಕು ಅಂತೇನಿಲ್ಲ.

ಐಟಿಐನಲ್ಲಿ 28 ವರ್ಷ ಫಿಟ್ಟರ್ ಪಾಠ ಹೇಳಿದವನು ನಾನು. ಇಕ್ಕಳ ಅಂದರೆ ನನಗೆ ಜೀವ. ಆದರೂ ನಿವೃತ್ತನಾದ ಮೇಲೆ ನಾನೇ ಬರೆದಿಟ್ಟ ಪುಟದಲ್ಲಿ ಇಕ್ಕಳ ಬಂದಿದ್ದು ಎರಡೇ ಸಲ. ಕತ್ತರಿ ಮಾತ್ರ ದಿನಾ ಬಂತು. ಮಾತ್ರೆ ಪಟ್ಟಿ, ಕೊರಿಯರ್ ಕವರು, ಅಂಗಿಯ ದಾರ, ಮೊಮ್ಮಗಳ ಪ್ರಾಜೆಕ್ಟ್ ಹಾಳೆ. ಆಮೇಲೆ ಕನ್ನಡಕದ ಸ್ಕ್ರೂ. ಒಮ್ಮೆ ಅಂಗೈಗೆ ಸಿಬಿರು ಹೊಕ್ಕಿತ್ತು, ಅದಕ್ಕೆ ಚಿಮಟ ಬೇಕಾಯಿತು. ನಿಮ್ಮ ಪುಟವೂ ಸುಮಾರಾಗಿ ಹೀಗೇ ಇರುತ್ತದೆ ಅಂತ ನನ್ನ ಅಂದಾಜು. ಚಾರ್ಟು, ಸೆಲೋಟೇಪು, ತೋರಣದ ದಾರ ಅಂತ ಕತ್ತರಿ ಕೆಲಸ ನಿಮಗೆ ಇನ್ನೂ ಜಾಸ್ತಿ.

ಹಾಗಿದ್ದರೆ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕ್ಲಾಸಿಕ್ ಎಸ್‌ಡಿ ಸಾಕು. ಮಡಚಿದರೆ 58 ಮಿಲಿಮೀಟರ್, ತೂಕ 20 ಗ್ರಾಂ ಆಚೆ ಈಚೆ. ಸಣ್ಣ ಚಾಕು, ಕತ್ತರಿ, ಉಗುರಿನ ಅರ, ಚಿಮಟ, ಹಲ್ಲುಕಡ್ಡಿ, ಕೀ ಸಿಕ್ಕಿಸುವ ಬಳೆ ಇವೆ. ಅರದ ತುದಿಯೇ ಸ್ಕ್ರೂಡ್ರೈವರ್. ಸಣ್ಣ ಸ್ಟಾರ್ ಸ್ಕ್ರೂಗಳಿಗೂ ಅದು ಆಗುತ್ತದೆ. ಕತ್ತರಿ ಇನ್ನೂ ಗಟ್ಟಿ ಬೇಕಾದರೆ ಲೆದರ್‌ಮನ್ ಮೈಕ್ರಾ ನೋಡಿ. ಅದರ ಮುಖ್ಯ ಸಾಧನವೇ ಕತ್ತರಿ. ತೂಕ ಸುಮಾರು 50 ಗ್ರಾಂ. 18 ಉಪಕರಣದ ಲೆದರ್‌ಮನ್ ವೇವ್ ಪ್ಲಸ್ ಒಳ್ಳೇ ಟೂಲೇ, ಆದರೆ 240 ಗ್ರಾಂ ತೂಗುತ್ತದೆ. ಮೊದಲ ವಾರ ಬ್ಯಾಗಿನಲ್ಲಿರುತ್ತದೆ, ಎರಡನೇ ವಾರ ಮನೆ ಡ್ರಾಯರಿಗೆ ಹೋಗುತ್ತದೆ. ಸ್ಕೂಟರಿಗಾಗಿ ದೊಡ್ಡದು ಬೇಕು ಅನ್ನಿಸಿದರೆ, ಗಾಡಿ ಜೊತೆ ಬಂದ ಟೂಲ್ ಕಿಟ್ ಎಲ್ಲಿದೆ ಹುಡುಕಿ. ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್ ಈ ಮಲ್ಟಿಟೂಲುಗಳಲ್ಲಿ ಇರುವುದಿಲ್ಲ.

200 ರೂಪಾಯಿಯದು ಬೇಡ. ನಾನೂ ಜಾತ್ರೆ ಅಂಗಡಿಯಲ್ಲಿ ಒಂದು ಕೊಂಡಿದ್ದೆ. ಕುಕ್ಕರ್ ಹಿಡಿಯ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಮೊದಲು ಸ್ಕ್ರೂಡ್ರೈವರಿನ ತುದಿ ತಿರುಚಿಕೊಂಡಿತು. ಇನ್ನೂ ಸ್ವಲ್ಪ ಒತ್ತಿದೆ. ಪಕ್ಕನೆ ಮಡಚಿಕೊಂಡು ತೋರುಬೆರಳಿನ ಗೆಣ್ಣನ್ನು ಕಚ್ಚಿತು. ಹೊಲಿಗೆ ಬೀಳಲಿಲ್ಲ, ಆದರೆ ಆ ಗುರುತು ಇನ್ನೂ ಇದೆ. ನಿಮ್ಮ ಕೈಗೆ ಹಾಗಾಗಬಾರದು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆದಷ್ಟೂ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ಕೊಳ್ಳಿ. ಹೋಗುವಾಗ ತೊಳೆದು ಒಣಗಿಸಿದ ಒಂದು ಹಾಲಿನ ಕವರು ಒಯ್ಯಿರಿ. ಕತ್ತರಿಯ ತುದಿಯಿಂದ ಅದನ್ನು ಕತ್ತರಿಸಿ ನೋಡಿ. ಬುಡದಲ್ಲಿ ಎಲ್ಲ ಕತ್ತರಿಯೂ ಕತ್ತರಿಸುತ್ತದೆ, ತುದಿಯಲ್ಲಿ ಪರೀಕ್ಷೆ. ಸರಿಯಿಲ್ಲದ ಕತ್ತರಿಯಲ್ಲಿ ಕವರು ತುಂಡಾಗದೆ ಎರಡು ಅಲಗಿನ ನಡುವೆ ಮಡಚಿಕೊಂಡು ಕೂರುತ್ತದೆ. ಆಮೇಲೆ ಚಾಕು ತೆರೆದು, ಅಲಗನ್ನು ಮೇಲಿನಿಂದ ಹಿಡಿದು, ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ. ಲಟಲಟ ಅಂದರೆ ಅಲಗನ್ನು ಹಿಡಿದಿಡುವ ರಿವೆಟ್ ಮೊಳೆ ಸಡಿಲ ಅಂತ ಅರ್ಥ, ಅದು ಬೇಡ. ತೆರೆಯುವಾಗ ನಿಮ್ಮ ಉಗುರು ಮುರಿಯುವಷ್ಟು ಬಿಗಿಯಿದ್ದರೂ ಬೇಡ. ವಿಕ್ಟೋರಿನಾಕ್ಸಿನ ನಕಲಿಗಳೂ ಇವೆ. ಅಸಲಿಯಾದರೆ ಅಲಗಿನ ಬುಡದಲ್ಲಿ ಹೆಸರು ಅಚ್ಚುಕಟ್ಟಾಗಿ ಒತ್ತಿರುತ್ತದೆ, ಸುಮ್ನೆ ಬಣ್ಣದಲ್ಲಿ ಬರೆದಿರುವುದಿಲ್ಲ.

ಇನ್ನೊಂದು ಮಾತು. ಈ ಎರಡರಲ್ಲೂ ಚಾಕು ಇದೆ, ಸುತ್ತ ಮಕ್ಕಳಿರುತ್ತಾರೆ. ಬ್ಯಾಗಿನ ಒಳಜಿಪ್ಪಿನಲ್ಲೇ ಇರಲಿ, ಮೇಜಿನ ಮೇಲೆ ಬಿಡಬೇಡಿ. ವಿಮಾನದಲ್ಲಿ ಹೋಗುವ ದಿನ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಬೆಂಗಳೂರಿಗೆ ಹೋಗಿ ಮೆಟ್ರೊ ಹತ್ತುವುದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಪ್ರಶ್ನೆ: ಸರ್, ನಮ್ಮದು ಕಡಲ ತಡಿ. ಸ್ಟೇನ್‌ಲೆಸ್ ಅಂತ ನಂಬಿ ಕೊಂಡ ಟೂಲಿನ ಕೀಲಿನಲ್ಲಿ ತುಕ್ಕು ಬಂದಿದೆ. ತೆಂಗಿನೆಣ್ಣೆ ಬಿಟ್ಟೆ, ಈಗ ತೆರೆಯೋಕೇ ಬರುತ್ತಿಲ್ಲ.
– ಓದುಗರು, ಕುಂದಾಪುರ

ಉತ್ತರ: ಸ್ಟೇನ್‌ಲೆಸ್ ಅಂದರೆ ತುಕ್ಕು ನಿಧಾನಕ್ಕೆ ಬರುತ್ತದೆ ಅಂತ, ಬರುವುದೇ ಇಲ್ಲ ಅಂತಲ್ಲ. ಉಪ್ಪುಗಾಳಿ, ಬೆವರು ಎರಡೂ ಅದಕ್ಕೆ ಆಗುವುದಿಲ್ಲ. ತೆಂಗಿನೆಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ ಅರ್ಧ ಗಂಟೆ ನೆನೆಸಿ. ನೀರೊಳಗೇ ಒಂದೊಂದನ್ನೂ ಹುಷಾರಾಗಿ ತೆರೆದು ಮುಚ್ಚಿ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಕೀಲು ಉಜ್ಜಿ. ಚೆನ್ನಾಗಿ ಒರೆಸಿ, ಎಲ್ಲ ಅಲಗು ತೆರೆದಿಟ್ಟು ಬಿಸಿಲಿಗೆ ಒಣಗಿಸಿ. ಆಮೇಲೆ ಹೊಲಿಗೆ ಮಷಿನ್ ಎಣ್ಣೆ, ಪ್ರತಿ ಕೀಲಿಗೆ ಒಂದೇ ಹನಿ. ಹಣ್ಣು ಹೆಚ್ಚುವ ಮುಂಚೆ ಅಲಗನ್ನು ತೊಳೆದುಕೊಳ್ಳಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೀಗೆ ಮಾಡಿ.