ಓದುಗರ ಪ್ರಶ್ನೆ: ಪರ್ಸೆಲ್‌ನ ಕಿರುರಚನೆಯಲ್ಲಿ ಭೂಪ ಕೇಳಿಸಿದರೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೀಬೋರ್ಡ್ ಕಲಿಯುತ್ತಿರುವ ನನ್ನ ಮಗಳು ಹೆನ್ರಿ ಪರ್ಸೆಲ್‌ನ ‘ಎ ನ್ಯೂ ಸ್ಕಾಚ್ ಟ್ಯೂನ್’ ಎಂಬ ಚಿಕ್ಕ ರಚನೆಯನ್ನು ನುಡಿಸುತ್ತಾಳೆ. ಅದನ್ನು ಕೇಳಿದ ನಮ್ಮ ಮಾವನವರು, “ಇದರಾಗ ಭೂಪದ ನೆರಳ ಐತಲ್ಲ” ಎಂದರು. ಇದು ಸ್ಕಾಟ್ಲೆಂಡಿನ ಜಾನಪದ ಮಟ್ಟೇ? ಭೂಪ ರಾಗಕ್ಕೂ ಇದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಪರ್ಸೆಲ್ (1659–1695) ಸ್ಕಾಟ್ಲೆಂಡಿನವನಲ್ಲ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಆರ್ಗನ್ ನುಡಿಸುತ್ತಿದ್ದವನು. ಆ ಕಾಲದ ಲಂಡನ್ನಿಗೆ ಸ್ಕಾಟಿಷ್ ಮಟ್ಟುಗಳ ಹುಚ್ಚು ಹಿಡಿದಿತ್ತು. ಈ ರಚನೆಯೂ ಮನೆಯಲ್ಲಿ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ಕಲಿಯುವವರಿಗಾಗಿ 1689ರಲ್ಲಿ ಪ್ರಕಟವಾದ ‘ಮ್ಯೂಸಿಕ್ಸ್ ಹ್ಯಾಂಡ್‌ಮೇಡ್’ ಎಂಬ ಪುಸ್ತಕದ ಎರಡನೆಯ ಭಾಗದಲ್ಲಿ ಬಂದಿತು. ಹೆಸರಿನಲ್ಲಿರುವ ‘ನ್ಯೂ’ ಎಂಬ ಮಾತನ್ನು ಗಮನಿಸಬೇಕು: ಹಳ್ಳಿಯ ಹಳೆಯ ಹಾಡಲ್ಲ, ಆ ಧಾಟಿಯ ಹೊಸ ಮಟ್ಟು ಎಂದೇ ಅದನ್ನು ಓದುಗರ ಮುಂದಿಟ್ಟರು.

ಮಾವನವರ ಕಿವಿಯನ್ನು ತಪ್ಪೆನ್ನಲಾಗದು. ಸ್ಕಾಟ್ಲೆಂಡಿನ ಅನೇಕ ಹಾಡುಗಳು ಸ, ರಿ, ಗ, ಪ, ಧ ಎಂಬ ಐದು ಸ್ವರಗಳ ಮೇಲೆಯೇ ಹೆಚ್ಚಾಗಿ ನಡೆಯುತ್ತವೆ. ಆದರೆ ಸ್ವರಗಳು ಹೊಂದಿದ ಮಾತ್ರಕ್ಕೆ ನಂಟು ಬೆಳೆಯುವುದಿಲ್ಲ. ಭೂಪಕ್ಕೂ ದೇಶಕಾರಕ್ಕೂ ಇರುವುದು ಅವೇ ಐದು ಸ್ವರಗಳಾದರೂ, ಭೂಪದಲ್ಲಿ ಗಾಂಧಾರ ವಾದಿ (ರಾಗದ ಮುಖ್ಯ ಸ್ವರ), ದೇಶಕಾರದಲ್ಲಿ ಧೈವತ ವಾದಿ. ಒಂದು ರಾತ್ರಿಯದು, ಇನ್ನೊಂದು ಬೆಳಗಿನದು. ಧಾರವಾಡದ ಕೇಳುಗರಿಗೆ ಇದನ್ನು ಬಿಡಿಸಿ ಹೇಳುವುದು ಅಧಿಕಪ್ರಸಂಗವಾದೀತು.

ಸ್ಕಾಟಿಷ್ ಧಾಟಿಯ ಗುರುತು ಹೆಚ್ಚಾಗಿ ಲಯದಲ್ಲಿದೆ. ‘ಸ್ಕಾಚ್ ಸ್ನ್ಯಾಪ್’ ಎಂದು ಕರೆಯುವ ನಡೆಯಲ್ಲಿ ಒಂದು ಮಾತ್ರೆಯ ಕಾಲು ಭಾಗದಷ್ಟು ಗಿಡ್ಡ ಸ್ವರ ಮೊದಲು ಬಂದು, ಉಳಿದ ಮುಕ್ಕಾಲು ಭಾಗ ಮುಂದಿನ ಸ್ವರಕ್ಕೆ ಸಲ್ಲುತ್ತದೆ. ‘ಸಭಾ’ ಎಂಬಂತೆ ಲಘುವಿನ ಬಳಿಕ ಗುರು ಬರುತ್ತದೆ. ಆದರೆ ಒತ್ತು ಬೀಳುವುದು ಲಘುವಿನ ಮೇಲೆ. ಅಂಥ ಜೋಡಿ ಪುಸ್ತಕದಲ್ಲಿ ಕಂಡಲ್ಲಿ ಮಕ್ಕಳು ಅವಸರಕ್ಕೆ ಎರಡನ್ನೂ ಸಮ ಮಾಡಿಬಿಡುತ್ತಾರೆ, ಮಟ್ಟು ಅಲ್ಲೇ ಸಪ್ಪೆಯಾಗುತ್ತದೆ.

ಕೀಬೋರ್ಡಿನಲ್ಲಿ ಹಾರ್ಪ್ಸಿಕಾರ್ಡ್ ದನಿಯನ್ನು ಆರಿಸಿಕೊಳ್ಳಲಿ. ಆ ವಾದ್ಯದಲ್ಲಿ ಹಕ್ಕಿಯ ಗರಿಯ ಮೊನೆ ತಂತಿಯನ್ನು ಮೀಟುತ್ತದೆ. ಎಷ್ಟು ಜೋರಾಗಿ ಒತ್ತಿದರೂ ನಾದ ಹೆಚ್ಚುವುದಿಲ್ಲವಾದ್ದರಿಂದ, ಬೆರಳನ್ನು ಯಾವ ಗಳಿಗೆಯಲ್ಲಿ ಎತ್ತುತ್ತೇವೆಂಬುದರಲ್ಲೇ ಒತ್ತು ಕೇಳಿಸಬೇಕಾಗುತ್ತದೆ.

ಭೂಪದಿಂದ ಇದನ್ನು ನಿಜಕ್ಕೂ ದೂರ ಮಾಡುವುದು ಎಡಗೈ. ತಂಬೂರಿಯ ಷಡ್ಜ ಕದಲದೆ ನಿಂತಿರುತ್ತದೆ, ಪ್ರತಿ ಸ್ವರವನ್ನೂ ಅದಕ್ಕೇ ಅಳೆಯುತ್ತೇವೆ. ಇಲ್ಲಿ ಕೆಳಗಿನ ಮಂದ್ರಸ್ವರವೇ ಹೆಜ್ಜೆ ಹಾಕುತ್ತ ಹೋಗುವುದರಿಂದ ಮೇಲಿನ ಅದೇ ಗಾಂಧಾರಕ್ಕೆ ಒಂದೊಂದು ಗಳಿಗೆಗೆ ಒಂದೊಂದು ಬಣ್ಣ ಬರುತ್ತದೆ. ಮಗಳು ಮೊದಲು ಬಲಗೈಯನ್ನಷ್ಟೇ ತಂಬೂರಿಯೊಡನೆ ನುಡಿಸಿ, ಬಳಿಕ ತಂಬೂರಿ ನಿಲ್ಲಿಸಿ ಎಡಗೈ ಸೇರಿಸಲಿ. ಭೂಪದ ನೆರಳು ಯಾವ ಸ್ವರದ ಹತ್ತಿರ ಸರಿಯಿತೆಂಬುದನ್ನು ಮಾವನವರೇ ಹೇಳಿಯಾರು.